ತೌಡಿಗೆ ಕೊಂಡ ಹೆಸರು

ಮಂಜಗುಣಿಯಲ್ಲಿರುವ ನನ್ನ ಹೆಂಡತಿಯ ತವರುಮನೆಯ ಜಗಲಿಯಲ್ಲಿ ಕೂತರೆ ಗಂಗಾವಳಿ ಹೊಳೆ ಕಾಣುತ್ತದೆ. ಆ ಸಂಜೆ ಮಾತ್ರ ಕಾಣುತ್ತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ, ಕರೆಂಟು ಹೋಗಿ ಆಗಲೇ ಗಂಟೆಯಾಗಿತ್ತು, ಅಂಗಳದ ತೆಂಗಿನಮರದಿಂದ ಆಚೆಗೆ ಎಲ್ಲವೂ ಒಂದೇ ಬಣ್ಣ. ಮಾರನೇ ದಿನ ನನ್ನ ಮಗನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ನಾನು ಕಾರವಾರದಿಂದ ಎರಡು ದಿನ ರಜೆ ಹಾಕಿ ಬಂದಿದ್ದೆ. ಪೂಜೆಯ ಸಾಮಾನು ತರಲು ಅಂಕೋಲೆಗೆ ಹೋದ ಮಾವ ಮಳೆಗೆ ಅಲ್ಲೇ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ಉಳಿದವರೆಂದರೆ ನಾನು, ಕೂಸನ್ನು ಮಡಿಲಲ್ಲಿ ಹಾಕಿಕೊಂಡ ಭವ್ಯಾ, ನಮ್ಮತ್ತೆ, ಭವ್ಯಾಳ ತಮ್ಮ ಜಗದೀಶ ಮತ್ತು ಅವರಿಬ್ಬರ ಅಜ್ಜ.

ಇಷ್ಟೆಲ್ಲ ತಯಾರಿ ಆಗಿದ್ದರೂ ಕೂಸಿಗೆ ಹೆಸರೇ ಸಿಕ್ಕಿರಲಿಲ್ಲ. ಅದಕ್ಕೆ ಕಾರಣ ನಾನೇ. ನನ್ನ ಹೆಸರು ಸಂದೇಶ. ಹೈಸ್ಕೂಲಿನಲ್ಲಿ ನನ್ನ ಕ್ಲಾಸಿನಲ್ಲೇ ಮೂವರು ಸಂದೇಶರಿದ್ದೆವು, ಮಾಸ್ತರು ನನ್ನನ್ನು ಕಿಟಕಿ ಸಂದೇಶ ಎನ್ನುತ್ತಿದ್ದರು, ಕಿಟಕಿಯ ಪಕ್ಕ ಕೂರುತ್ತಿದ್ದೆನೆಂದು. ನನ್ನ ಮಗನಿಗಾದರೂ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಇಲ್ಲದ ಹೆಸರು ಬೇಕೆಂದು ಹಠ ಹಿಡಿದಿದ್ದೆ. ಕಾರವಾರದಲ್ಲೇ ಫೋನಿಗೆ ಇಳಿಸಿಕೊಂಡಿದ್ದ ಹೆಸರುಗಳ ಒಂದು ದೊಡ್ಡ ಪಟ್ಟಿ ತೆಗೆದು, ಒಂದೊಂದರ ಅರ್ಥ ಏನು, ಮೂಲ ಯಾವುದು ಎಂದು ಗಟ್ಟಿಯಾಗಿ ಓದುತ್ತಿದ್ದೆ. ಅದ್ವಿಕ, ವಿಹಾನ, ರೇಯಾಂಶ. ಪ್ರತಿ ಹೆಸರಿಗೂ ಜಗದೀಶ ತನಗೆ ಗೊತ್ತಿರುವ ಇಬ್ಬರನ್ನು ಹೇಳಿ ಅದನ್ನು ಅಲ್ಲೇ ಮುಗಿಸುತ್ತಿದ್ದ. ಕೊನೆಗೆ ಫೋನಿನ ಚಾರ್ಜೇ ಮುಗಿಯಿತು.

ಅಜ್ಜ ಅಲ್ಲಿಯವರೆಗೆ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಎಪ್ಪತ್ತಾರು ವರ್ಷ, ಹೆಸರು ಅಶೋಕ, ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಯಾರನ್ನಾದರೂ ಕೆಣಕದೆ ಅವರಿಗೆ ಹೊತ್ತು ಹೋಗುವುದಿಲ್ಲ, ಅಳಿಯನೆಂದು ನನಗೂ ರಿಯಾಯಿತಿ ಇಲ್ಲ. ನೀವು ಓದಿದ ಹೆಸರುಗಳಲ್ಲಿ ಒಂದನ್ನಾದರೂ ಹೊಳೆಯ ಆಚೆ ದಡದಿಂದ ಕೂಗಿ ನೋಡಿ, ಈಚೆ ದಡಕ್ಕೆ ಬಂದು ಮುಟ್ಟುತ್ತದಾ, ಅರ್ಧದಲ್ಲೇ ಮುಳುಗುತ್ತವೆ ಎಂದರು. ಹಾಗಾದರೆ ನೀವೇ ಒಂದು ಹೇಳಿ ಅಜ್ಜ, ಯಾರಿಗೂ ಇಲ್ಲದ್ದು, ಎಂದೆ.

"ಯಾರಿಗೂ ಇಲ್ದ ಹೆಸ್ರಾ? ನನ್ ಹತ್ರ ಒಂದು ಅದೆ" ಎಂದರು ಅಜ್ಜ. "ತೌಡಾ."

ಜಗದೀಶ ನಕ್ಕ, ನಾನೂ ನಕ್ಕೆ. ಅಜ್ಜ ನಗಲಿಲ್ಲ. ದೀಪದ ಬತ್ತಿ ಹೊಸೆಯುತ್ತಿದ್ದ ಅತ್ತೆಯ ಕೈ ನಿಂತಿತು. ನಾಳೆ ಒಳ್ಳೆಯ ಕೆಲಸ ಇಟ್ಟುಕೊಂಡು ಈಗ ಆ ಮಾತು ಯಾಕೆ ಮಾವಾ ಎಂದು ಅವರು ಮೆಲ್ಲಗೆ ಹೇಳಿದರು. ಒಳ್ಳೆ ಕೆಲಸ ಇರುವುದಕ್ಕೇ ಹೇಳುವುದು ಎಂದು ಅಜ್ಜ ಎದ್ದು ಹೋಗಿ ಎಲೆಯಡಿಕೆ ಉಗುಳಿ ಬಂದು, ಬಾಯಿ ಮುಕ್ಕಳಿಸಿ, ನಮ್ಮೆಲ್ಲರನ್ನೂ ಹತ್ತಿರ ಕೂರಿಸಿಕೊಂಡರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

*

ತೌಡು ಗೊತ್ತುಂಟಲ್ಲ ನಿಮ್ಗೆ? ಭತ್ತ ಕುಟ್ಟಿ ಗೆರಸಿಲಿ ಕೇರಿದ್ರೆ ಅಕ್ಕಿ ಒಂದು ಕಡೆ, ಉಮಿ ಒಂದು ಕಡೆ, ಅಕ್ಕಿ ಮೈಯಿಂದ ಬಿದ್ದ ಹುಡಿ ಒಂದು ಕಡೆ... ಆ ಹುಡಿ ತೌಡು. ದನಕ್ಕೆ ಹಾಕ್ತೇವೆ, ಕೋಳಿಗೆ ಹಾಕ್ತೇವೆ, ಮನ್ಸರ ಬಾಳೆಗೆ ಯಾರೂ ಬಡ್ಸೂದಿಲ್ಲ. ಅಂಥದ್ದನ್ನ ಮನ್ಸನಿಗೆ ಹೆಸ್ರು ಮಾಡಿ ಯಾಕೆ ಇಡ್ತಿದ್ರು? ಅಳಿಯಂದ್ರ ಫೋನಿನಾಗೆ ಅರ್ಥ, ಮೂಲ ಅಂತ ಬರ್ದಿರ್ತಾರಲ್ಲ, ಅದನ್ನೇ ಹೇಳ್ತೆ ಕೇಳಿ. ಅದ್ರಾಗೆ ಇದು ಸಿಕ್ಕೂದಿಲ್ಲ.

ನಂಗಿಂತ ಮೊದ್ಲು ನಮ್ಮವ್ವಿ ಮೂರು ಹೆತ್ತಳು. ಮೂರೂ ಗಂಡು, ಮೂರಕ್ಕೂ ದೇವ್ರ ಹೆಸ್ರು, ಒಂದೂ ವರ್ಷ ತುಂಬ್ಲಿಲ್ಲ. ನಾಲ್ಕನೇದು ನಾನು. ಹುಟ್ಟಿ ಹನ್ನೊಂದನೇ ದಿನಕ್ಕೆ ಮೈ ಕೆಂಡ ಆಯ್ತಂತೆ, ಹಾಲು ಕುಡ್ಯೂದು ಬಿಟ್ಟೆನಂತೆ. ಆವಾಗ ಹಳಬ್ರು ಅಂದ್ರಂತೆ... ನಿಂಗೆ ಕೂಸು ಅಂದ್ರೆ ಚಿನ್ನ ಅಂತ ಸಾವಿಗೆ ಗೊತ್ತಾಗಿ ಹೋಗಿದೆ, ಅದ್ಕೇ ಅದು ಬಂದು ಬಂದು ತಕಂಡು ಹೋಗ್ತದೆ. ಇದು ಚಿನ್ನ ಅಲ್ಲ, ಕಸ ಅಂತ ತೋರ್ಸು. ಮಾರಿಬಿಡು. ಏನಕ್ಕೆ ಮಾರ್ಬೇಕು? ತೌಡಿಗೆ. ಯಾರಿಗೆ? ಬೆಳಿಗ್ಗೆ ಅಂಗಳಕ್ಕೆ ಮೊದ್ಲು ಕಾಲಿಟ್ಟ ಹೊರಗಿನ ಹೆಂಗಸಿಗೆ.

ಆ ದಿನ ಮೊದ್ಲು ಕಾಲಿಟ್ಟೋಳು ನಾಗಿ. ಹೊಳೆ ಕಡಲಿಗೆ ಸೇರೂ ಅಳಿವೆ ಬದಿಯೋಳು, ಮೀನು ಬುಟ್ಟಿ ಹೊತ್ಕಂಡು ಮನೆ ಮನೆ ಮೇಲೆ ಬರೋಳು. ಗಂಡ ಕಡಲಿಗೆ ಹೋದಂವ ತಿರ್ಗಿ ಬಂದಿರ್ಲಿಲ್ಲ, ಮಕ್ಕಳು ಮರಿ ಇಲ್ಲ. ಆಚೆ ಮನೆಯಾಗೆ ಹೊಳೆಮೀನು ಕೊಟ್ಟು ಅದ್ಕೆ ಬದ್ಲಿ ತೌಡು ತಕಂಡು ಬಂದಿದ್ದಳಂತೆ, ತನ್ನ ಕೋಳಿಗಳಿಗೆ ಅಂತ. ನಮ್ಮವ್ವಿ ನನ್ನ ಗೆರಸಿಯಾಗೆ ಮಲಗ್ಸಿ ಗೊಬ್ಬರಗುಂಡಿ ಅಂಚಿಗೆ ಇಟ್ಟು, ಈ ಕಸ ಯಾರಿಗೆ ಬೇಕು ಅಂತ ಕೇಳಿದಳಂತೆ. ಹಾಂಗೆ ಕೇಳೂಕೆ ಒಬ್ಬ ತಾಯಿಗೆ ಹ್ಯಾಂಗೆ ಆಗಿರ್ಬೇಕು ಹೇಳಿ... ನಾಗಿ ಬುಟ್ಟಿ ಇಳ್ಸಿ, ನಂಗೆ ಬೇಕು ಅಂದಳು. ಇದ್ದ ತೌಡನ್ನೆಲ್ಲ ಗೆರಸಿಗೆ ಸುರಿದು ನನ್ನ ಎತ್ಕಂಡಳು. ಕೊಂಡೋಳೇ ಹೆಸ್ರು ಇಡೂದು ಪದ್ಧತಿ. ನೀ ನನ್ ತೌಡಾ ಅಂದಳು. ಆಮೇಲೆ ನಮ್ಮವ್ವಿ ಕೈಗೆ ನನ್ನ ಕೊಟ್ಟು, ಇದು ನನ್ ಕೂಸು, ನಿನ್ ಹತ್ರ ಇಟ್ಟು ಹೋಗ್ತೆ, ಜೋಪಾನ ಮಾಡು ಅಂದು ಬುಟ್ಟಿ ಹೊತ್ಕಂಡು ಹೋದಳು.

ಮೂರನೇ ದಿನಕ್ಕೆ ಜ್ವರ ಬಿಡ್ತು. ನಂಬ್ತೀರೋ ಬಿಡ್ತೀರೋ ನಿಮ್ಮಿಷ್ಟ, ನಾನಂತೂ ಈಗ ನಿಮ್ಮ ಎದ್ರಿಗೆ ಕೂತಿದ್ದೆ ನೋಡಿ.

ಈ ಪದ್ಧತಿಗೆ ಇನ್ನೊಂದು ಅರ್ಧ ಅದೆ, ಅದನ್ನ ಸರಿಯಾಗಿ ಕೇಳಿ. ಹುಡುಗ ದೊಡ್ಡ ಆಗಿ ಲಗ್ನಕ್ಕೆ ಬಂದಾಗ, ಲಗ್ನ ನಿಶ್ಚಯ ಆಗೂಕೆ ಮೊದ್ಲು, ಕೊಟ್ಟ ತಾಯಿ ಗೆರಸಿಯಾಗೆ ತೌಡು ತಕಂಡು ಹೋಗಿ ಕೊಂಡ ತಾಯಿ ಮುಂದೆ ಇಡ್ಬೇಕು. ಅವಳು ಅದನ್ನ ಮುಟ್ಟಿ, ನಿನ್ ಕೂಸು ನಿಂಗೆ ಬಿಟ್ಟೆ ಅಂತ ಬಾಯಿಬಿಟ್ಟು ಹೇಳ್ಬೇಕು. ಅಷ್ಟಾದ್ರೆ ಆ ಹೆಸ್ರು ಕಳಚಿ ಬೀಳ್ತದೆ, ಬೇರೆ ಹೆಸ್ರು ಇಟ್ಕಳ್ಳಬಹುದು. ಅಲ್ಲಿ ತನ್ಕ ಕೂಸು ಅವಳ್ದು. ಕರ್ಯೂ ಹಕ್ಕೂ ಅವಳ್ದೇ.

ಆಹಾ, ಅವಳು ಕರ್ಯೂದು ಅಂದ್ರೆ ಹ್ಯಾಂಗಿತ್ತು ಅಂತೀರಿ? ಹೊಳೆ ಮೇಲೆ ಪಾತಿದೋಣಿಯಾಗೆ ಬರ್ತಾ ಇರೂವಾಗ್ಲೇ, ತೌಡಾ... ಓ ತೌಡಾ... ಅಂತ ಒಂದು ಕೂಗು ಹಾಕಿದ್ರೆ ಉಪ್ಪುನೀರಿನ ಗಜನಿ ಗದ್ದೆ ದಾಟಿ ಈ ಹಿತ್ಲಿಗೆ ಬಂದು ಮುಟ್ತಿತ್ತು. ನಾ ಎಲ್ಲಿದ್ರೂ, ಓ ನಾಗವ್ವೀ ಅಂತ ಓಡ್ತಿದ್ದೆ. ಬುಟ್ಟಿಯಾಗಿಂದ ಮೊದ್ಲ ಮೀನು ನಂಗೆ. ಮೀನು ಬ್ಯಾಡ್ದ ದಿನ ಸುಮ್ನೆ ತಲೆ ಮೇಲೆ ಕೈ ಇಟ್ಟು ಹೋಗ್ತಿದ್ದಳು, ಇಡೀ ದಿನ ತಲೆ ಮೀನು ವಾಸ್ನೆ. ನಂಗೆ ಆ ವಾಸ್ನೆ ಕಂಡ್ರೆ ಪ್ರೀತಿ ಇತ್ತು. ಇತ್ತು ಅಂತ ಈಗ ಹೇಳ್ತೆ, ಆವಾಗ ಹೇಳ್ಬೇಕಿತ್ತು.

ಅಂಕೋಲೆ ಹೈಸ್ಕೂಲಿಗೆ ಹೋದೆ ನೋಡಿ, ಅಲ್ಲಿ ಶುರು ಆಯ್ತು. ಮಾಸ್ತರು ಹಾಜರಿ ಕರ್ಯೂದು, ಹಿಂದಿನ ಬೆಂಚಿನಿಂದ ಯಾರಾದ್ರೂ ದನದ ಹಾಂಗೆ ಕೂಗೂದು. ತೌಡಾ, ನಮ್ಮನೆ ಎಮ್ಮೆ ನಿನ್ನ ಕೇಳ್ತದೆ ಅಂಬೂದು. ಊರಾಗೆ ನನ್ ಹಾಂಗೆ ಇನ್ನೂ ಇಬ್ರು ತೌಡ ಇದ್ರು, ಅವ್ರೂ ಬಿಟ್ಟು ಬೇರೆ ಹೆಸ್ರು ಮಾಡ್ಕಂಡ್ರು. ಈ ಹೆಸ್ರು ಅಪರೂಪ ಆದದ್ದು ಹ್ಯಾಂಗೆ ಗೊತ್ತಾ ಅಳಿಯಂದ್ರೇ? ಇಟ್ಕಂಡವ್ರೆಲ್ಲ ನಾಚ್ಕಂಡು ಬಿಟ್ಟದ್ದಕ್ಕೆ. ಮೆಟ್ರಿಕ್ ಫಾರ್ಮು ತುಂಬೂವಾಗ ನಾನೂ ಅಶೋಕ ಅಂತ ಬರ್ದೆ. ಗೆರಸಿ ಇಲ್ಲ, ತೌಡಿಲ್ಲ, ಯಾರನ್ನೂ ಕೇಳ್ಲಿಲ್ಲ. ಶಾಯಿಯಾಗೆ ನನ್ನ ನಾನೇ ಬಿಡ್ಸ್ಕಂಡೆ.

ನಾಗವ್ವಿಗೂ ಹೇಳ್ದೆ, ಇನ್ನು ಮುಂದೆ ಆ ಹೆಸ್ರಲ್ಲಿ ಕರೀಬ್ಯಾಡ ಅಂತ. ಅವಳು ಸಿಟ್ಟು ಮಾಡ್ಲಿಲ್ಲ. ನಗ್ತಾ ಅಂದಳು... "ನಾ ಇಟ್ಟದ್ದು, ನಾ ಬಿಟ್ರೇ ಹೋಗೂದು ತಮಾ. ಲಗ್ನದ ಹೊತ್ತಿಗೆ ನನ್ನ ಕರಿ, ಬಂದು ಬಿಟ್ಟುಕೊಡ್ತೆ. ಅಲ್ಲಿ ತನ್ಕ ಕರ್ಯೂಕೆ ಬಿಡು." ನಾ ಏನಂದೆ? ಏನೂ ಅನ್ಲಿಲ್ಲ. ಅವತ್ತಿಂದ ಅವಳು ಕರದ್ರೆ ಓ ಅಂಬೂದು ಬಿಟ್ಟೆ. ಎದ್ರಿಗೆ ಬಂದ್ರೆ ಮಾತಾಡ್ತಿದ್ದೆ, ದೂರದಿಂದ ಕರದ್ರೆ ಕೆಪ್ಪ.

ಕಾರವಾರದಾಗೆ ನೌಕರಿ ಸಿಕ್ತು. ಇಪ್ಪತ್ನಾಲ್ಕು ವರ್ಷ ಆಗ. ಹಣಕೋಣದಿಂದ ಸಂಬಂಧ ಬಂತು, ನಿಮ್ಮಜ್ಜಿ ಕಲಾವತಿದು. ಶ್ರಾವಣ ಹುಟ್ಟಿ ನಾಲ್ಕು ದಿನ ಆಗಿತ್ತು, ಹುಡುಗಿ ಅಪ್ಪ ಮನೆ ನೋಡೂಕೆ ಬರ್ತೇನೆ ಅಂತ ಹೇಳಿ ಕಳ್ಸಿದ್ರು. ಹಿಂದಿನ ದಿನ ನಮ್ಮವ್ವಿ ಗೆರಸಿ ತೊಳ್ದು ಒಣಗ್ಸಿ ಇಟ್ಟಿದ್ದಳು. ತಮಾ, ನಾಗಿಗೆ ಹೇಳಿ ಕಳ್ಸು, ಅವರು ಬರೂಕೆ ಮೊದ್ಲು ಆ ಕೆಲ್ಸ ಮುಗ್ಸಿಬಿಡುವ ಅಂದಳು. ನಾನು ಬ್ಯಾಡ ಅಂದೆ. ಇಸ್ತ್ರಿ ಶರಟು ಪ್ಯಾಂಟು ಹಾಕ್ಕಂಡು ಕುರ್ಚಿ ಮೇಲೆ ಕೂರೂ ಗುಮಾಸ್ತ ನಾನು, ನನ್ನ ತೌಡಿಗೆ ಮಾರಿದ್ರು ಅಂತ ಬೀಗರ ಕಿವಿಗೆ ಬೀಳ್ಬೇಕಾ? ಮೀನು ಬುಟ್ಟಿ ತಕಂಡು ಆ ಹೆಂಗಸು ಅಂಗಳದಾಗೆ ನಿಂತು ಇದು ನನ್ ಕೂಸು ಅಂದ್ರೆ ಏನು ಹೇಳೂದು? ಅವ್ವಿ ಎರಡು ಸಲ ಹೇಳಿ ಸುಮ್ನಾದಳು. ಗೆರಸಿ ಒಳಗೆ ಇಟ್ಟಳು.

ಹುಡುಗಿ ಅಪ್ಪ ಬಂದ್ರು, ಊಟ ಆಯ್ತು, ಮಾತು ಆಯ್ತು. ಸಂಜೆಗೆ ಮಳೆ ಸ್ವಲ್ಪ ಕಡ್ಮೆ ಆದಾಗ, ಹೊಳೆ ನೋಡುವ ಅಂದ್ರು. ನಾವಿಬ್ರೂ ತಾರಿಕಟ್ಟೆಗೆ ಹೋದೆವು. ಈಗ ಸೇತುವೆ ಅದೆ, ಆವಾಗ ಆಚೆ ದಡಕ್ಕೆ ಹೋಗ್ಬೇಕಂದ್ರೆ ತಾರಿ ದೋಣಿಯೇ. ಹೊಳೆ ಕೆಂಪು ನೀರು ತುಂಬಿ ಹರೀತಿತ್ತು, ತಾರಿ ನಿಲ್ಸಿದ್ರು, ದೋಣಿ ಎರಡು ಕಟ್ಟೆಗೆ ಕಟ್ಟಿದ್ರು. ಅಂಬಿಗ್ರು ಮೇಲ್ಗಡೆ ತಗಡಿನ ಮಾಡಿನ ಕೆಳಗೆ ಬೀಡಿ ಸೇದ್ತಾ ಕೂತಿದ್ರು, ಅಲ್ಲಿಗೆ ಮಳೆ ಸಪ್ಪಳ ಬಿಟ್ರೆ ಬೇರೇನೂ ಕೇಳೂದಿಲ್ಲ. ಹೊತ್ತು ಮುಳುಗ್ತಾ ಇತ್ತು.

ಆವಾಗ ಹೊಳೆ ನಡುವಿಂದ ಬಂತು... ತೌಡಾ... ಓ ತೌಡಾ...

ಹುಡುಗಿ ಅಪ್ಪ ಕಿವಿಗೊಟ್ರು. ಯಾರೋ ಯಾರನ್ನೋ ಕರ್ದ ಹಾಂಗಿತ್ತಲ್ಲ ಅಂದ್ರು. ನಾನು ಮಾತಾಡ್ಲಿಲ್ಲ. ಅವರೂ ದಡದ ಮೇಲಿನವ್ರೇ, ನಮ್ಮ ಕಡೆ ಪದ್ಧತಿ ಅವರಿಗೂ ಗೊತ್ತು. ಹೊತ್ತು ಮುಳುಗಿದ ಮೇಲೆ ಯಾರಾದ್ರೂ ಹೆಸ್ರು ಹಿಡ್ದು ಕರದ್ರೆ ತಟ್ಟನೆ ಓ ಅನ್ಬಾರ್ದು. ಮೂರನೇ ಸಲಕ್ಕೆ ಓ ಅನ್ಬೇಕು. ದೆವ್ವಕ್ಕೆ ಎರಡೇ ಸಲ ಕರ್ಯೂಕೆ ಬರೂದು, ಮೂರನೇದು ಕರ್ದ್ರೆ ಮನ್ಸರು. ಸಣ್ಣಿದ್ದಾಗ ಎಲ್ರಿಗೂ ಕಲಿಸ್ತಿದ್ರು. ಹುಡುಗಿ ಅಪ್ಪ ಅಂದ್ರು, ಹೊಳೆ ಬೇರೆ, ಕತ್ಲೆ ಬೇರೆ, ಯಾರೇ ಆಗ್ಲಿ, ಮೂರನೇದು ಬರ್ಲಿ ತಡಿ.

ಎರಡನೇ ಸಲ ಬಂತು. ಮೊದ್ಲಿನ ಜಾಗದಿಂದ ಅಲ್ಲ... ಕೆಳಗಡೆಯಿಂದ, ಅಳಿವೆ ಬದಿಯಿಂದ. ಅಂದ್ರೆ ಏನು? ದೋಣಿ ಕೈ ತಪ್ಪಿದೆ, ನೀರು ಅದನ್ನ ಕಡಲಿಗೆ ಎಳೀತಾ ಇದೆ. ನಂಗೆ ಗೊತ್ತಾಗ್ಲಿಲ್ಲವಾ? ಈ ದಡದ ಮೇಲೇ ಹುಟ್ಟಿ ಬೆಳ್ದಂವ ನಾನು, ಕೂಗು ಕೇಳಿ ದೋಣಿ ಎಲ್ಲಿದೆ ಅಂತ ಹೇಳ್ತಿದ್ದಂವ. ಗೊತ್ತಾಯ್ತು. ಎಲ್ಲಾ ಗೊತ್ತಾಯ್ತು. ಒಂದು ಓ ಅಂದಿದ್ರೆ, ತಿರುಗಿ ಅಂಬಿಗ್ರನ್ನ ಕರ್ದಿದ್ರೆ, ಎರಡು ದೋಣಿ ಅಲ್ಲೇ ಇತ್ತು. ಆದ್ರೆ ಓ ಅಂದ್ರೆ ನಾನು ತೌಡ ಆಗ್ತೆ. ಬೀಗರ ಮುಂದೆ, ಆ ಹೆಸ್ರಿಗೆ ನಾನು ಓ ಅನ್ಬೇಕು.

ಪದ್ಧತಿ ಅಂತ ಒಂದು ನೆವ ಸಿಕ್ತಲ್ಲ. ಮೂರನೇದು ಬರ್ಲಿ ಅಂತ ನಿಂತೆ.

ಬರ್ಲಿಲ್ಲ. ಬರ್ಲಿಲ್ಲ ಅಂತ ಆದಾಗ ನಂಗೆ ಏನನ್ನಿಸ್ತು ಗೊತ್ತಾ? ನಿಮ್ಮಜ್ಜಿಗೂ ಇದನ್ನ ಹೇಳಿರ್ಲಿಲ್ಲ... ಹಗುರ ಆಯ್ತು. ಎದೆ ಮೇಲಿನ ಕಲ್ಲು ಇಳ್ದ ಹಾಂಗಾಯ್ತು. ಸದ್ಯ, ಕೂಗೂದು ನಿಲ್ತು ಅಂತ. ಹುಡುಗಿ ಅಪ್ಪ ನನ್ನ ಬೆನ್ನು ತಟ್ಟಿ, ಗಟ್ಟಿ ಮನ್ಸಿನ ಹುಡುಗ ಅಂದ್ರು. ಸಂಬಂಧ ಅಲ್ಲೇ ಕುದುರ್ತು, ಆ ಕಟ್ಟೆ ಮೇಲೇ.

ಮಾರನೇ ದಿನ ಪಾತಿದೋಣಿ ಅಳಿವೆ ಮರಳಿನಾಗೆ ಕವುಚಿ ಬಿದ್ದಿತ್ತು. ನಾಗವ್ವಿ ಮೂರನೇ ದಿನಕ್ಕೆ ಸಿಕ್ಕಿದಳು. ನೀರು ಇಳಿದ ಮೇಲೆ ಹುಲಿಯಾ ಅಂಬಂವ, ಆಚೆ ದಡದ ತಾರಿಯಂವ, ಮನೆಗೆ ಬಂದು ಜಗಲಿ ಮೇಲೆ ಕೂತು ಹೇಳ್ದ. ಅವತ್ತು ಅವಳು ಆಚೆ ದಡದ ಪೇಟೆಯಾಗೆ ಮೀನು ಮಾರ್ತಾ ಇದ್ದಳಂತೆ. ತೌಡನ ಮನೆಗೆ ಹಣಕೋಣದ ಬೀಗರು ಬಂದಿದ್ದಾರೆ ಅಂತ ಯಾರೋ ಅಂದದ್ದು ಕಿವಿಗೆ ಬಿದ್ದದ್ದೇ, ಅರ್ಧ ಮೀನು ಅಲ್ಲೇ ಪಕ್ಕದವ್ಳಿಗೆ ಕೊಟ್ಟು ಎದ್ದು ಬಂದಳಂತೆ. ತಾರಿ ಇಲ್ಲ, ಇವತ್ತು ಬ್ಯಾಡ ಅಂತ ಹುಲಿಯಾ ತಡ್ದ. ಅದ್ಕೆ ಅವಳು ಅಂದದ್ದು... "ಅಂವ ಸಣ್ಣಂವ, ಮರ್ತು ಹೋಗಿರ್ತಾನೆ. ಬಿಟ್ಟುಕೊಡದೆ ಲಗ್ನ ಮಾಡಿದ್ರೆ ಕೂಸಿಗೆ ಏಳ್ಗಿ ಇಲ್ಲ. ನಾ ಹೋಗ್ಲೇಬೇಕು."

ಬಿಟ್ಟುಕೊಡೂಕೆ ಬಂದವಳು ಅವಳು. ನನ್ನ ಬಿಡುಗಡೆ ಮಾಡೂಕೆ ಬಂದವಳು. ನನ್ನ ಲಗ್ನ ಚೆಂದ ಆಗ್ಲಿ ಅಂತ.

ನಮ್ಮವ್ವಿ ಎಲ್ಲಾ ಕೇಳ್ಸ್ಕಂಡಳು, ನನ್ನ ಮುಖ ಒಂದು ಸಲ ನೋಡಿದಳು, ಒಳಗೆ ಹೋದಳು. ಲಗ್ನ ಆಯ್ತು. ಅವ್ವಿ ಆಮೇಲೆ ನಾಲ್ಕು ವರ್ಷ ಇದ್ದಳು, ನನ್ನ ಅಶೋಕ ಅಂತ್ಲೂ ಕರೀಲಿಲ್ಲ, ತೌಡ ಅಂತ್ಲೂ ಕರೀಲಿಲ್ಲ.

ಮುಂದಿನ ಮಳೆಗಾಲಕ್ಕೆ ರಜೆಯಾಗೆ ಊರಿಗೆ ಬಂದಿದ್ದೆ. ಇದೇ ಜಗಲಿ, ಇದೇ ಹೊತ್ತು. ಕಲಾವತಿ ದೀಪ ಹಚ್ತಾ ಇದ್ದಳು. ಹೊಳೆ ನಡುವಿಂದ ಒಂದು ಸಲ... ಸ್ವಲ್ಪ ಹೊತ್ತು ಬಿಟ್ಟು ಅಳಿವೆ ಬದಿಯಿಂದ ಇನ್ನೊಂದು ಸಲ. ತೌಡಾ... ಓ ತೌಡಾ... ನನ್ನ ಮನ್ಸಿನ ಭ್ರಮೆ ಅಂತೀರಾ? ನಾನೂ ಹಾಂಗೇ ಅಂದ್ಕಂಡಿದ್ದೆ. ಕಲಾವತಿ ದೀಪ ಕೈಯಾಗೆ ಹಿಡ್ಕಂಡು, ಯಾರದು ದಿನಾ ಕರ್ಯೂದು ಅಂತ ಕೇಳಿದಳು. ತಾರಿಯವ್ರು ಅಂದೆ. ಹೊಳೆ ಕೆಂಪಾದಲ್ಲಿಂದ ದಸರೆ ತನ್ಕ, ಐವತ್ತು ಮಳೆಗಾಲ ಆಯ್ತು ಮಕ್ಕಳೇ, ಎರಡೇ ಸಲ, ಮೂರನೇದು ಯಾವತ್ತೂ ಇಲ್ಲ. ಜೀವ ಇದ್ದಾಗಿನ ಕೊನೇ ದಿನ ಎಷ್ಟು ಕರ್ದಳೋ ಅಷ್ಟೇ.

ಬಿಡುಗಡೆ ಮಾಡ್ಸ್ಕಳ್ಳೂಕೆ ನೋಡ್ದೆ. ಅವ್ವಿ ಹೋದ ಮೇಲೆ ಆ ಗೆರಸಿ ತಕಂಡು, ತೌಡು ತುಂಬ್ಸಿ, ಇಳಿತದ ಹೊತ್ತಿಗೆ ಕಟ್ಟೆಯಿಂದ ತೇಲಿ ಬಿಟ್ಟೆ. ಇಳಿತದಾಗೆ ನೀರು ಕಡಲ ಬದಿಗೇ ಹೋಗ್ಬೇಕಲ್ಲ? ಗೆರಸಿ ಸ್ವಲ್ಪ ದೂರ ಹೋಯ್ತು, ನಿಲ್ತು, ತಿರುಗಿ ಬಂದು ನನ್ನ ಕಾಲಿಗೆ ತಾಗ್ತು. ತೌಡು ಒಂಚೂರೂ ಒದ್ದೆ ಆಗಿರ್ಲಿಲ್ಲ. ಕೊಟ್ಟ ತಾಯಿ ಇಡ್ಬೇಕು, ಕೊಂಡ ತಾಯಿ ಮುಟ್ಟಬೇಕು. ನಡುವೆ ಕೂಸೇ ಬಂದು ವ್ಯಾಪಾರ ಮುಗ್ಸಿದ್ರೆ ಆಗ್ತದಾ?

ನಿಮ್ಮಜ್ಜಿ ತೀರಿ ಒಂಬತ್ತು ವರ್ಷ. ಆಮೇಲೆ ನಂಗೆ ನಾಚ್ಕೆ ಪಡೂಕೆ ಯಾರೂ ಇರ್ಲಿಲ್ಲ, ಹೆದ್ರಿಕೆಯೂ ಹೋಯ್ತು. ಓ ಅಂದವ್ನ ಕರ್ಕಂಡು ಹೋಗ್ತಾರೆ ಅಂತಾರೆ. ಹೋಗ್ಲಿ ಅಂದೆ. ಮೊದ್ಲ ಮಳೆಗೇ ಕಟ್ಟೆ ಮೇಲೆ ಹೋಗಿ ನಿಂತೆ. ಅವಳು ಕರ್ದಳು. ಓ ನಾಗವ್ವೀ, ನಾ ಇಲ್ಲೇ ಇದ್ದೆ ಅಂತ ಇದ್ದ ಉಸ್ರೆಲ್ಲ ಹಾಕಿ ಕೂಗ್ದೆ. ಹೊಳೆ ಮೇಲೆ ಒಂದು ಗಳಿಗೆ ಏನೂ ಸಪ್ಪಳ ಇಲ್ಲ... ಯಾರಿದು ಅಂತ ಯೋಚ್ನೆ ಮಾಡ್ದ ಹಾಂಗೆ. ಆಮೇಲೆ ಅಳಿವೆ ಬದಿಯಿಂದ ಮತ್ತೆ, ತೌಡಾ...

ಗುರ್ತು ಸಿಕ್ಲಿಲ್ಲ ಅವಳಿಗೆ. ಅವಳು ಕರೀತಾ ಇರೂದು ಇಪ್ಪತ್ನಾಲ್ಕು ವರ್ಷದ ಹುಡುಗನನ್ನ. ಈ ಒಡಕು ದನಿಯ ಮುದುಕ ಯಾರೋ ಏನೋ. ಒಂಬತ್ತು ವರ್ಷದಿಂದ ದಿನಾ ಓ ಅಂತೆ, ದಿನಾ ಅವಳಿಗೆ ನಾ ಯಾರೋ ಆಗ್ತೆ. ಓ ಅನ್ಬೇಕಾದ ದಿನ ಅಂದಿದ್ರೆ...

*

ಅಜ್ಜ ಅಲ್ಲಿಗೆ ನಿಲ್ಲಿಸಿ ಹೆಗಲ ಮೇಲಿನ ಪಂಜಿಯಿಂದ ಮುಖ ಒರೆಸಿಕೊಂಡರು. ಭವ್ಯಾ ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು. ಅತ್ತೆ ಕಣ್ಣು ಕೆಳಗೆ ಹಾಕಿ ಕೂತಿದ್ದನ್ನು ನೋಡಿದರೆ ಅವರಿಗೆ ಇದರಲ್ಲಿ ಅರ್ಧ ಮೊದಲೇ ಗೊತ್ತಿತ್ತು ಅನ್ನಿಸಿತು, ಕಲಾವತಿ ಅಜ್ಜಿಯೇ ಹೇಳಿರಬೇಕು. ಹೊರಗೆ ಹೊತ್ತು ಮುಳುಗಿ ಆಗಿತ್ತು. ನನಗೆ ಗೊತ್ತಿಲ್ಲದಂತೆ ನನ್ನ ಕಿವಿ ಮಳೆಯ ಆಚೆಗೆ ಹೋಗಿತ್ತು.

ಇವತ್ತೂ ಕರೆಯುತ್ತಾಳಾ ಅಜ್ಜ ಎಂದು ಕೇಳಿದೆ.

ಇಲ್ಲ ಎಂದರು. ಎಂಟು ದಿನದಿಂದ ಕರೆದಿಲ್ಲ. ಹೊಳೆ ಕೆಂಪಾಗಿದೆ, ಮಳೆ ಇದೆ, ಆದರೂ ಇಲ್ಲ. ಐವತ್ತು ವರ್ಷದಲ್ಲಿ ಇದೇ ಮೊದಲು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಹಾಗಾದರೆ ಒಳ್ಳೆಯದೇ ಆಯಿತಲ್ಲ ಅಜ್ಜ, ಅವಳಿಗೆ ಮುಕ್ತಿ ಸಿಕ್ಕಿರಬೇಕು ಎಂದುಬಿಟ್ಟೆ. ಅಜ್ಜ ಕತೆ ಶುರು ಮಾಡಿದ ಮೇಲೆ ಮೊದಲ ಸಲ ಜಗದೀಶನ ಕಡೆ ತಿರುಗಿದರು.

"ನಿಂಗೆ ಈಗ ಎಷ್ಟು ವರ್ಷ ತಮಾ?"

"ಇಪ್ಪತ್ನಾಲ್ಕು."

ಅಜ್ಜ ತಲೆಯಾಡಿಸಿದರು. ನಿಧಾನವಾಗಿ, ಒಬ್ಬೊಬ್ಬರಿಗೂ ತಿಳಿಯುವಂತೆ ಹೇಳಿದರು. ಎಂಟು ದಿನದ ಹಿಂದೆ ಇದೇ ಹೊತ್ತಿಗೆ ಅವರು ಕಟ್ಟೆಯ ಮೇಲೆ ನಿಂತಿದ್ದರು. ಹೊಳೆಯ ನಡುವಿಂದ ಕೂಗು ಬಂತು. ಅವರು ಓ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ, ಹಳೇ ತಗಡಿನ ಮಾಡಿನ ಹತ್ತಿರದಿಂದ, ಗಟ್ಟಿಯಾಗಿ ಒಂದು ದನಿ ಬಂತು. ಓ... ಬಂದೆ, ಈಗ ಬಂದೆ. ಅದು ಅಜ್ಜನದೇ ದನಿ, ಐವತ್ತು ವರ್ಷದ ಹಿಂದೆ ಅವರ ಗಂಟಲಲ್ಲಿ ಸಿಕ್ಕಿಕೊಂಡು ಉಳಿದದ್ದು. ತಿರುಗಿ ನೋಡಿದರೆ ಜಗದೀಶ, ಹೊಳೆಗೆ ಬೆನ್ನು ಹಾಕಿ ನಿಂತಿದ್ದ. ಆಮೇಲೆ ಅಳಿವೆಯ ಬದಿಯಿಂದ ಎರಡನೇ ಕೂಗು ಬರಲಿಲ್ಲ.

ಜಗದೀಶನ ಮುಖದಲ್ಲಿ ನಗು ಉಳಿದಿರಲಿಲ್ಲ. ಅವನು ಒಮ್ಮೆ ನನ್ನನ್ನು ನೋಡಿದ. ನನಗೂ ನೆನಪಾಯಿತು. ಎಂಟು ದಿನದ ಹಿಂದೆ ಕೂಸನ್ನು ನೋಡಲು ನಾನು ಬಂದಿದ್ದೆ. ಬಸ್ಸು ಇಳಿದು ಅವನಿಗೆ ಫೋನು ಮಾಡಿದ್ದೆ, ಬೈಕು ತೆಗೆದುಕೊಂಡು ಬಾ ಎಂದು. ಮನೆಯಲ್ಲಿ ಸಿಗ್ನಲ್ ಇರುವುದಿಲ್ಲ, ಎಲ್ಲರೂ ಕಟ್ಟೆಯ ಹತ್ತಿರ ಹೋಗಿಯೇ ಮಾತಾಡುವುದು.

"ಅಜ್ಜಾ, ನಾ ಭಾವನ ಕೂಡೆ ಫೋನಿನಾಗೆ ಮಾತಾಡಿದ್ದು" ಎಂದ ಜಗದೀಶ. "ಬಂದೆ ಅಂದದ್ದು ಭಾವನಿಗೆ."

ಅಜ್ಜ ಕೈ ಚಾಚಿ ಅವನ ತಲೆಯ ಮೇಲೆ ಇಟ್ಟರು.

"ಅದು ನಿಂಗೆ ಗೊತ್ತು ತಮಾ, ಭಾವನಿಗೆ ಗೊತ್ತು. ಅವಳಿಗೆ ಹೇಳೂರು ಯಾರು? ನಾ ಎಂಟು ದಿನದಿಂದ ಹೇಳ್ತಾ ಇದ್ದೆ, ಮುದುಕನ ಮಾತು ಅವಳು ಕೇಳೂದಿಲ್ಲ. ಕೂಸು ಬಂದೆ ಅಂದಾಯ್ತಲ್ಲ, ಇನ್ನು ಯಾಕೆ ಕರೀಬೇಕು ಅವಳು? ಕಟ್ಟೆ ಹತ್ರ ದೋಣಿ ನಿಲ್ಸ್ಕಂಡು ಕಾಯ್ತಾ ಇದ್ದಾಳೆ."